ಮೂರು ಕೋನ ಕೂಡಿದರೆ 179.99

ನಾನು ಗದಗ ತಾಲೂಕಿನ ಒಂದು ಕ್ಲಸ್ಟರ್‌ಗೆ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಗಣಿತ, ವಿಜ್ಞಾನ ಹೇಳಿಕೊಂಡು ಬಂದವನು. ಹೊಸದಾಗಿ ಶಾಲೆ ಶಾಲೆ ತಿರುಗುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸ್ಮಾರ್ಟ್ ಟಿವಿ ಇದ್ದ ಕಡೆಯಲ್ಲೆಲ್ಲ ಅದು ಹೆಡ್‌ಮಾಸ್ಟರ್ ಕೋಣೆಯಲ್ಲೇ ಇರುತ್ತಿತ್ತು. ಮೇಲೊಂದು ಕಸೂತಿ ಹಾಕಿದ ಬಟ್ಟೆ. ರಿಮೋಟ್ ಅಲಮಾರಿಯಲ್ಲಿ, ಪ್ಲಾಸ್ಟಿಕ್ ಕವರ್ ಸಮೇತ.

ಇವರಿಗೆಲ್ಲ ತರಬೇತಿ ಕೊಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ಒಂದು ಸಮಾಲೋಚನಾ ಸಭೆಯ ದಿನ ಪ್ರೊಜೆಕ್ಟರ್ ಹಾಕಿ ಮೂವತ್ತೆಂಟು ಶಿಕ್ಷಕರನ್ನು ಕೂರಿಸಿ ಬೆಳಗಿನಿಂದ ಸಂಜೆವರೆಗೆ ಆರು ಆ್ಯಪ್ ತೋರಿಸಿದೆ. ದೀಕ್ಷಾ, ಜಿಯೋಜಿಬ್ರಾ, ಫೆಟ್, ಗೂಗಲ್ ಫಾರ್ಮ್, ಇನ್ನೂ ಎರಡು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಖುಷಿಯಾಗಿ ಗಿರ್ಮಿಟ್ ತಿಂದು ಮನೆಗೆ ಹೋದೆ. ಮುಂದಿನ ತಿಂಗಳು ಕೇಳಿದರೆ ಒಬ್ಬರೂ ಒಂದನ್ನೂ ತೆರೆದಿರಲಿಲ್ಲ.

ಒಬ್ಬ ಹಿರಿಯ ಅಕ್ಕೋರು (ನಮ್ಮ ಕಡೆ ಶಿಕ್ಷಕಿಯರನ್ನು ಹೀಗೇ ಕರೆಯುವುದು) ಮುಖಕ್ಕೇ ಹೇಳಿದರು: "ಸರ, ಭಾಳ ಚಲೋ ತೋರಿಸಿದ್ರಿ. ಆದ್ರ ನಾಳೆ ನಾ ಹೇಳೋ ಪಾಠ ಅದ್ರಾಗ ಎಲ್ಲೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ್ಯಪ್ ಹಿಡಿದುಕೊಂಡು ಪಾಠ ಹುಡುಕಿದ್ದೇ ನಾನು ಮಾಡಿದ ತಪ್ಪು. ಪಾಠ ಹಿಡಿದುಕೊಂಡು ಹೊರಡಬೇಕಿತ್ತು.

ಆಮೇಲೆ ದಾರಿ ಬದಲಾಯಿಸಿದೆ. ಗುಂಪು ತರಬೇತಿ ಬಿಟ್ಟೆ. ಒಂದು ಶಾಲೆ, ಒಬ್ಬರು ಶಿಕ್ಷಕರು, ಒಂದು ಪಾಠ. ಮೂರು ಸಲ ಹೋಗುವುದು. ಮೊದಲ ಸಲ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ, "ವರ್ಷಾ ವರ್ಷಾ ಯಾವ ಪಾಠ ಮಕ್ಕಳಿಗೆ ಹತ್ತೋದಿಲ್ರಿ?" ಅಂತ ಕೇಳುವುದು. ಎರಡನೇ ಸಲ ಶನಿವಾರ. ಮುಂಜಾನೆ ಶಾಲೆ ಬಿಟ್ಟ ಮೇಲೆ ಆ ಪಾಠಕ್ಕೆ ಇಬ್ಬರೂ ಕೂತು ತಯಾರಿ. ಮೂರನೇ ಸಲ ಅವರು ಪಾಠ ಮಾಡುವುದು, ನಾನು ಬಾಯಿ ಮುಚ್ಚಿಕೊಂಡು ಇರುವುದು. ನನಗೆ ನಾನೇ ಹಾಕಿಕೊಂಡ ಕಟ್ಟುನಿಟ್ಟು ಒಂದೇ: ಮೌಸ್ ನಾನು ಮುಟ್ಟಬಾರದು. ಇದು ಹೇಳಿದಷ್ಟು ಸುಲಭ ಅಲ್ಲ. ಅವರು ಕರ್ಸರ್ ಹುಡುಕುತ್ತಾ ಇದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಗಂಡಸರು ತುಂಬಿದ ಸ್ಟಾಫ್ ರೂಮಿನಲ್ಲಿ ಅಕ್ಕೋರ ಕೈಯಿಂದ ಮೌಸ್ ಕಸಿದುಕೊಂಡು "ಹಿಂಗ್ರಿ ಹಿಂಗ್ರಿ" ಅನ್ನೋರು ಬಹಳ ಜನ. ಅವರನ್ನು ಚಹಾಕ್ಕೆ ಕಳಿಸಿಬಿಡುತ್ತಿದ್ದೆ.

ನನಗೆ ಪ್ರಶ್ನೆ ಕೇಳಿದ ಆ ಅಕ್ಕೋರಿಂದಲೇ ಶುರು ಮಾಡಿದೆ. ಅವರಿಗೆ ತೊಡಕಾಗಿದ್ದು ಏಳನೇ ತರಗತಿಯ ತ್ರಿಭುಜ. ಒಳಕೋನಗಳ ಮೊತ್ತ 180 ಡಿಗ್ರಿ ಅಂತ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆದರೆ ಬೋರ್ಡಿನ ಮೇಲೆ ಓರೆಯಾಗಿ ಉದ್ದದ ತ್ರಿಭುಜ ಬರೆದರೆ, ಇದಕ್ಕೂ ಅಷ್ಟೇನಾ ಅಂತ ಕೇಳುತ್ತಾರೆ. ಜಿಯೋಜಿಬ್ರಾಕ್ಕೆ ಹೇಳಿ ಮಾಡಿಸಿದ ಪಾಠ ಇದು. ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ ಶುರು ಮಾಡಿದ ಈ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಕಿಲ್ಲ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನದ ಅಳತೆ ಕಣ್ಣೆದುರೇ ಬದಲಾಗುತ್ತದೆ.

ಮೂರನೇ ಭೇಟಿ. ಅಕ್ಕೋರು ಮೊದಲು ಮಕ್ಕಳಿಗೆ ಕಾಗದದ ಮೇಲೆ ಕೋನಮಾಪಕದಿಂದ ಅಳೆಯಲು ಹೇಳಿದರು. ಇದು ಅವರದ್ದೇ ಯೋಚನೆ. 178, 183, ಒಬ್ಬನದು 190. ಆಮೇಲೆ ಟಿವಿ. ಒಬ್ಬ ಹುಡುಗಿ ಬಂದು ಮೂಲೆ ಎಳೆದಳು. ಪರದೆಯ ಮೇಲೆ 70.33, 50.33, 59.33. ಮಕ್ಕಳು ಕೂಡಿದರು. ಹಿಂದಿನಿಂದ ಒಬ್ಬ ಕೂಗಿದ: "ಅಕ್ಕೋರ, 179.99 ಬಂತ್ರಿ! ಕಂಪ್ಯೂಟರ್ ತಪ್ಪೈತ್ರಿ!"

ನನಗೆ ಬೆವರು. ಇದು ಬರಬಹುದು ಅಂತ ಶನಿವಾರ ನಾನು ಹೇಳಿಯೇ ಇರಲಿಲ್ಲ. ಜಿಯೋಜಿಬ್ರಾ ಸಾಮಾನ್ಯವಾಗಿ ಎರಡು ದಶಮಾಂಶ ಸ್ಥಾನಕ್ಕೆ ಅಂದಾಜಿಸಿ ತೋರಿಸುತ್ತದೆ. ಮೂರೂ ಕೋನದ ಬಾಲ ಕತ್ತರಿಸಿ ಹೋದರೆ ಮೊತ್ತದಲ್ಲಿ ಒಂದು ಚೂರು ಕಡಿಮೆ. ಕೆಲವು ಸಲ 180.01ನೂ ಬರುತ್ತದೆ. ಎದ್ದು ಹೇಳೋಣ ಅಂತ ಅರ್ಧ ಎದ್ದೆ. ಅಷ್ಟರಲ್ಲಿ ಅಕ್ಕೋರು ಚಾಕ್‌ಪೀಸ್ ಕೈಗೆ ತಗೊಂಡರು.

"ಸಂತ್ಯಾಗ ಮೂರು ಅಂಗಡಿಗೆ ಹೋದಿ. ಮೂರೂ ಕಡೆ ಅಂಗಡಿಯವ ಚಿಲ್ಲರ ಬಿಟ್ಟು ಲೆಕ್ಕ ಹೇಳಿದ. ಮನಿಗೆ ಬಂದು ಕೂಡಿದ್ರ ಏನಾಗತೈತಿ?"

"ಕಡಿಮಿ ಬರತೈತ್ರಿ."

"ಈ ಟಿವಿನೂ ಚಿಲ್ಲರ ಬಿಟ್ಟೈತಿ."

ನಾನು ಕೂತುಬಿಟ್ಟೆ. ನನ್ನ ಹತ್ತಿರ 'ರೌಂಡಿಂಗ್' ಅನ್ನೋ ಪದ ಇತ್ತು, ಸಂತೆ ಇರಲಿಲ್ಲ. ಆಮೇಲೆ ಊಟದ ಹೊತ್ತಿನಲ್ಲಿ ಇಬ್ಬರೂ ಸೇರಿ ಜಿಯೋಜಿಬ್ರಾದಲ್ಲಿ ಲೆಕ್ಕ ಬರೆಯುವ ಸಾಲಿನಲ್ಲಿ ಮೂರು ಕೋನದ ಹೆಸರು ಬರೆದು, ನಡುವೆ ಕೂಡಿಸುವ ಚಿಹ್ನೆ ಹಾಕಿ ನೋಡಿದೆವು. ಬಿಟ್ಟ ಚಿಲ್ಲರೆ ಸಮೇತ ಲೆಕ್ಕ ಹಾಕಿ 180 ಅಂತಲೇ ತೋರಿಸಿತು. ಅಕ್ಕೋರಿಗೆ ಅದು ಅಷ್ಟೇನೂ ದೊಡ್ಡದು ಅನ್ನಿಸಲಿಲ್ಲ.

ಟಿಪ್ಯಾಕ್ ಅಂತ ಒಂದು ಚೌಕಟ್ಟಿದೆ. ಪುಣ್ಯ ಮಿಶ್ರಾ, ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಬರೆದದ್ದು. ವಿಷಯ ಗೊತ್ತಿರುವುದು, ಕಲಿಸಲು ಗೊತ್ತಿರುವುದು, ಯಂತ್ರ ಗೊತ್ತಿರುವುದು ಬೇರೆ ಬೇರೆ ನಿಂತರೆ ಪ್ರಯೋಜನ ಇಲ್ಲ, ಮೂರೂ ಬೆರೆಯಬೇಕು ಅನ್ನುವುದು ಅದರ ತಿರುಳು. ನಾನು ಓದಿದ್ದು ಬಹಳ ತಡವಾಗಿ. ಅಕ್ಕೋರು ಇನ್ನೂ ಓದಿಲ್ಲ.

ಇನ್ನು ಟಿವಿಯನ್ನು ಕೋಣೆಯಿಂದ ಹೊರಗೆ ತಂದ ಕಥೆ. ಅಲ್ಲಿ ಅಡ್ಡ ಬಂದಿದ್ದು ಹೆದರಿಕೆ. ಅದೂ ಯಂತ್ರದ ಹೆದರಿಕೆ ಅಲ್ಲ, ದಾಸ್ತಾನು ವಹಿಯದು. "ಒಡದ್ರ ಯಾರ್ ಕೊಡೋರ್ರಿ?" ಅನ್ನುತ್ತಿದ್ದರು ಒಬ್ಬ ಹೆಡ್‌ಮಾಸ್ಟರ್. ನ್ಯಾಯವಾದ ಮಾತೇ, ಅಲ್ವಾ? ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸಭೆ ಕರೆಸಿದೆವು. ಟಿವಿಯನ್ನು ತರಗತಿಯಲ್ಲಿ ಬಳಸಬೇಕು, ಬಳಸುವಾಗ ಕೆಟ್ಟರೆ ಶಿಕ್ಷಕರ ಮೇಲೆ ಹೊರೆ ಹಾಕುವುದಿಲ್ಲ ಅಂತ ನಡಾವಳಿಯಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿದೆವು. ಆ ವಾರವೇ ಟಿವಿ ಏಳನೇ ತರಗತಿಯ ಗೋಡೆ ಏರಿತು. ಆರು ಆ್ಯಪ್ ತೋರಿಸಿದ್ದಕ್ಕಿಂತ ಆ ಅರ್ಧ ಪುಟ ಜಾಸ್ತಿ ಕೆಲಸ ಮಾಡಿತು.

ಇಂಟರ್ನೆಟ್ಟನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ, ಬೇಕಾದ ವಿಡಿಯೋ ಹಿಂದಿನ ರಾತ್ರಿ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಅನ್ನುತ್ತೇನೆ. ದೀಕ್ಷಾ ಬಂದಿದ್ದು 2017ರ ಶಿಕ್ಷಕರ ದಿನದಂದು. ಆದರೆ ಪುಸ್ತಕದ ಆ ಕಪ್ಪು-ಬಿಳಿ ಚೌಕ ಯಾಕಿದೆ ಅಂತ ಈಗಲೂ ಕೇಳುವವರು ಸಿಗುತ್ತಾರೆ. ಡೌನ್‌ಲೋಡ್ ಮಾಡಿದ್ದನ್ನು ಪೂರ್ತಿ ಒಮ್ಮೆ ನೋಡಿಯೇ ಹೋಗಬೇಕು. ಎಂಟು ನಿಮಿಷದ ವಿಡಿಯೋದಲ್ಲಿ ನಿಮಗೆ ಬೇಕಾಗಿದ್ದು ಒಂದೂವರೆ ನಿಮಿಷ ಇರುತ್ತದೆ. ಅಷ್ಟು ತೋರಿಸಿ ನಿಲ್ಲಿಸಿ. ಪೆನ್‌ಡ್ರೈವ್ ಒಯ್ಯುವವರು ಮೊದಲು ಅದೇ ಟಿವಿಗೆ ಹಾಕಿ ನೋಡಿ. ಫಾರ್ಮ್ಯಾಟ್ ಬೇರೆ ಇದ್ದರೆ ಕೆಲವು ಟಿವಿಗಳು ಅದನ್ನು ಓದುವುದೇ ಇಲ್ಲ. ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತದಾ ಅಂತಲೂ ನೋಡಿಕೊಳ್ಳಿ. ಕರೆಂಟ್ ಹೋದರೆ ಏನು ಅಂದರೆ, ಅದಕ್ಕೇ ಚಾಕ್‌ಪೀಸ್ ಇರೋದು.

ಒಂದು ಕಡೆ ಮಾತ್ರ ನಾನು ಟಿವಿ ಬೇಡ ಅಂತಲೇ ಹೇಳುತ್ತೇನೆ: ಚಿಕ್ಕ ಮಕ್ಕಳ ನಲಿ-ಕಲಿ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಜೀವ ಇರೋದೇ ಒಂದೊಂದು ಮಗು ತನ್ನ ವೇಗಕ್ಕೆ ತನ್ನ ಕಾರ್ಡು ಹಿಡಿದು ಕೂರುವುದರಲ್ಲಿ. ಟಿವಿ ಹಚ್ಚಿದರೆ ಎಲ್ಲ ಮಕ್ಕಳೂ ಒಂದೇ ಕಡೆ ಬಾಯಿ ತೆರೆದು ನೋಡುತ್ತವೆ. ಗಲಾಟೆ ನಿಲ್ಲುತ್ತದೆ ನಿಜ. ಆ ಗಲಾಟೆಯೇ ಅಲ್ಲಿನ ಕಲಿಕೆ.

ಈಗ ಇನ್ನೊಂದು ಶಾಲೆಯಲ್ಲಿ ವಿಜ್ಞಾನದ ಸರ್ ಜೊತೆ ವಿದ್ಯುತ್ ಪಾಠ ನಡೆದಿದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್‌ನಲ್ಲಿ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ಇದೆ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿಸಿದ ಯೋಜನೆ ಅದು. ಇಳಿಸಿಕೊಂಡರೆ ಆಫ್‌ಲೈನ್ ಕೂಡ ಓಡುತ್ತದೆ. ಸರ್ ಮಾತ್ರ ಒಪ್ಪಲಿಲ್ಲ: "ಸೆಲ್ಲು, ಬಲ್ಬು, ವೈರು ಎಲ್ಲಾ ಕೈಯಾಗ ಇರೋವಾಗ ಪರದೆ ಯಾಕ್ರಿ?" ಹೌದಲ್ಲ ಅನ್ನಿಸಿತು. ಅದಕ್ಕೆ ಮೊದಲು ನಿಜವಾದ ಬಲ್ಬು ಹೊತ್ತಿಸಿದೆವು. ಕೈಯಲ್ಲಿ ಮಾಡಿ ತೋರಿಸಲಾಗದ್ದು ಏನು ಅಂತ ಆಮೇಲೆ ಕೂತು ಯೋಚಿಸಿದರೆ ಎರಡೇ ಸಿಕ್ಕವು: ವೈರಿನೊಳಗೆ ಎಲೆಕ್ಟ್ರಾನ್ ಹರಿಯುವುದು, ಮತ್ತೆ ಶಾರ್ಟ್ ಸರ್ಕ್ಯೂಟ್.

ಶಾರ್ಟ್ ಮಾಡಿದರೆ ಫೆಟ್‌ನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿದಂತೆ ಕಾಣುತ್ತದೆ. ಮೊನ್ನೆ ಅದನ್ನು ತೋರಿಸಿದ್ದಷ್ಟೇ. ಇಡೀ ತರಗತಿ ಎದ್ದು ನಿಂತು "ಇನ್ನೊಮ್ಮೆ ಸುಡ್ರಿ ಸರ, ಇನ್ನೊಮ್ಮೆ" ಅಂತ ಏಳೆಂಟು ಸಲ ಬೆಂಕಿ ಹಚ್ಚಿಸಿತು. ಪಕ್ಕದ ತರಗತಿಯವರೂ ಕಿಟಕಿಗೆ ಬಂದರು. ಬೆಲ್ ಹೊಡೆಯಿತು. ಎಲೆಕ್ಟ್ರಾನ್ ಹಾಗೇ ಉಳಿಯಿತು. ಬುಧವಾರ ಮತ್ತೆ ಹೋಗಬೇಕು.