ಎರವಲು ಕೋಡ್ ಇದೆಯೇ? ಲೈಸೆನ್ಸ್ ಹೀಗೆ ಆರಿಸಿ

ಕನ್ನಡ ನಿಘಂಟಿನ ಆ್ಯಪ್ ಒಂದನ್ನು ಬರೆದಿದ್ದೀರಿ, ಅದನ್ನು ಓಪನ್ ಸೋರ್ಸ್ ಆಗಿ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದುವಂತೆ ಬಿಡಬೇಕು ಎಂದಿಟ್ಟುಕೊಳ್ಳಿ. ಯಾವ ಲೈಸೆನ್ಸ್ (ಬಳಕೆಯ ಷರತ್ತುಗಳ ಪತ್ರ) ಚೆನ್ನ ಎಂದು ಹುಡುಕುವ ಮೊದಲು, ಒಳಗೆ ಬೇರೆಯವರದ್ದು ಏನೇನಿದೆ ನೋಡಿ. ನಿಮ್ಮ ಆಯ್ಕೆ ಅರ್ಧಕ್ಕರ್ಧ ಅಲ್ಲೇ ತೀರ್ಮಾನವಾಗಿರುತ್ತದೆ.

1. ಪಟ್ಟಿ ಮಾಡಿ. ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಫಾಂಟ್, ಡೇಟಾ, ಕಾಪಿ ಮಾಡಿ ಅಂಟಿಸಿದ ಫಂಕ್ಷನ್, ಎಲ್ಲವೂ ಬರಲಿ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿಕೊಂಡ ಕೋಡಿಗೂ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ (ಬರೆದವರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಿ) ಲೈಸೆನ್ಸ್ ಇದೆ. ಜನ ಜಾಸ್ತಿ ಮರೆಯುವುದು ಇದನ್ನೇ.

2. ಲೈಸೆನ್ಸ್ ಫೈಲ್ ತೆರೆದು ಓದಿ. ಫೈಲೇ ಇಲ್ಲವೇ? ಹಾಗಿದ್ದರೆ ಸುಮ್ನೆ ಬಳಸುವಂತಿಲ್ಲ. ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಂಡರೂ ಹಕ್ಕು ಬರೆದವರದ್ದೇ. ಅವರನ್ನು ಕೇಳಿ, ಇಲ್ಲವೇ ಬಿಟ್ಟುಬಿಡಿ.

3. ಒಂದಕ್ಕೊಂದು ಒಗ್ಗುತ್ತವೆಯೇ ನೋಡಿ. ಎಂಐಟಿ, ಬಿಎಸ್‌ಡಿ ಎಂಬ ಲೈಸೆನ್ಸ್‌ಗಳು ತಲೆನೋವಲ್ಲ. ಮೂಲ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು. ಜಿಪಿಎಲ್ ಎಂಬ ಲೈಸೆನ್ಸ್ ಹಾಗಲ್ಲ. ಅದರ ಕೋಡ್ ಬೆರೆಸಿ ಆ್ಯಪ್ ಹಂಚಿದರೆ ಇಡೀ ಆ್ಯಪ್ ಜಿಪಿಎಲ್‌ನಲ್ಲೇ ಬರಬೇಕು.

ಎಡವುವುದು ಜಿಪಿಎಲ್ ಕೋಡ್ ಅಪಾಚೆ 2.0 ಎಂಬ ಇನ್ನೊಂದು ಲೈಸೆನ್ಸಿನ ಕೋಡ್ ಜತೆಗೆ ಸೇರಿದಾಗ. ಅದರ ಪೇಟೆಂಟ್ ಷರತ್ತು 1991ರ ಜಿಪಿಎಲ್ 2ಕ್ಕೆ ಒಗ್ಗುವುದಿಲ್ಲ, 2007ರ ಜಿಪಿಎಲ್ 3ಕ್ಕೆ ಒಗ್ಗುತ್ತದೆ. ಹಾಗಾಗಿ ಜಿಪಿಎಲ್ ಫೈಲಿನ ತಲೆಬರಹ ಓದಿ. 'ಆವೃತ್ತಿ 2 ಅಥವಾ ನಂತರದ್ದು' ಎಂದಿದ್ದರೆ ಜಿಪಿಎಲ್ 3 ಹಿಡಿದು ಎರಡನ್ನೂ ಸೇರಿಸಬಹುದು. ಲಿನಕ್ಸ್ ಕರ್ನಲ್‌ನಂತೆ 'ಆವೃತ್ತಿ 2 ಮಾತ್ರ' ಎಂದಿದ್ದರೆ ಎರಡರಲ್ಲಿ ಒಂದನ್ನು ಕೈಬಿಡಬೇಕು.

ಡೇಟಾದ ಲೆಕ್ಕವೇ ಬೇರೆ. ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ಒಡಿಬಿಎಲ್ ಎಂಬ ಡೇಟಾಬೇಸ್ ಲೈಸೆನ್ಸಿನಲ್ಲಿದೆ. ಅದರ ಪದಪಟ್ಟಿ ತಿದ್ದಿ ಹೊರಬಿಟ್ಟರೆ ಆ ಪಟ್ಟಿಗೂ ಅದೇ ಲೈಸೆನ್ಸ್ ಇರಬೇಕು. ಕೋಡಿಗೆ ಅದು ಅಂಟುವುದಿಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟನ್ನೂ ಆ್ಯಪ್ ಜತೆ ಧಾರಾಳವಾಗಿ ಕೊಡಬಹುದು, ಅದರ ಲೈಸೆನ್ಸ್ ಪ್ರತಿ ಜತೆಗಿರಲಿ. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ.

4. ಈಗ ಆರಿಸಿ. ಒಳಗೆ ಜಿಪಿಎಲ್ ಇದ್ದರೆ ನಿಮ್ಮದೂ ಅದೇ. ಇಲ್ಲದಿದ್ದರೆ ನನ್ನ ಮತ ಅಪಾಚೆಗೆ. ಎಂಐಟಿ ಚಿಕ್ಕದು, ಚೊಕ್ಕದು ನಿಜ, ಆದರೆ ಪೇಟೆಂಟ್ ಬಗ್ಗೆ ತುಟಿ ಬಿಚ್ಚುವುದಿಲ್ಲ. ನಿಮ್ಮ ಕೋಡನ್ನು ತಿದ್ದಿ, ಸರ್ವರ್‌ನಲ್ಲಿಟ್ಟು ಸೇವೆ ಕೊಡುವವರೂ ತಿದ್ದಿದ ಕೋಡ್ ಕೊಡಲೇಬೇಕು ಎಂದಿದ್ದರೆ ಎಜಿಪಿಎಲ್ ನೋಡಿ. ಸ್ವಂತ ಲೈಸೆನ್ಸ್ ಮಾತ್ರ ಬರೆಯಲು ಹೋಗಬೇಡಿ.

5. ಫೈಲ್ ಇಡಿ. ಮೇಲಿನ ಫೋಲ್ಡರ್‌ನಲ್ಲಿ ಲೈಸೆನ್ಸಿನ ಪೂರ್ತಿ ಪಠ್ಯ ಇರಲಿ. ಅಪಾಚೆ ಲೈಬ್ರರಿಯ ಜತೆ ನೋಟಿಸ್ ಫೈಲ್ ಬಂದಿದ್ದರೆ ಅದನ್ನೂ ಸೇರಿಸಿ. ಮುಂದೆ ಯಾವುದೇ ಲೈಬ್ರರಿ ಅಪ್‌ಡೇಟ್ ಮಾಡುವಾಗ ಅದರ ಲೈಸೆನ್ಸ್ ಬದಲಾಗಿದೆಯೇ ಎಂದೂ ಒಮ್ಮೆ ಕಣ್ಣಾಡಿಸಿ.