ಲೈಟ್ ಹಾಕಿದರೆ ಇಂಜಿನ್ ಬಿಸಿ! ನನ್ನ ಟಿ-ಬಕೆಟ್ ಅನುಭವ

ನಾರ್ಮ್ ಗ್ರಾಬೋವ್‌ಸ್ಕಿ 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಹಾಟ್ ರಾಡ್ (ಹಳೇ ಕಾರಿಗೆ ದೊಡ್ಡ ಇಂಜಿನ್ ಕೂರಿಸಿ ಮಾರ್ಪಡಿಸಿದ ಗಾಡಿ) ಮೇಲೆ ನನಗೆ ಹಳೇ ಮೋಹ. 1922ರ ಫೋರ್ಡ್ ಮಾಡೆಲ್ ಟಿ ಬಾಡಿ, ಕ್ಯಾಡಿಲಾಕ್ ವಿ8 ಇಂಜಿನ್. ಮಾಡೆಲ್ ಟಿ ಬಾಡಿಯ ಇಂಥ ಹಾಟ್ ರಾಡಿಗೇ ಟಿ-ಬಕೆಟ್ ಅನ್ನೋದು. ಅಮೆರಿಕದ ನಮ್ಮ ಗ್ಯಾರೇಜಿನಲ್ಲಿ ಅದರ ಬಡವರ ನಕಲು ಕಟ್ಟಿದೆ. ಕ್ಯಾಡಿಲಾಕ್ ಇಂಜಿನ್ ನನ್ನ ಜೇಬಿಗೆ ಆಗುವ ಮಾತಲ್ಲ. ಹಳೇ ಷೆವರ್ಲೆ 350 ಇಂಜಿನ್ ಸಿಕ್ಕಿತು. ಬಾಡಿ ಫೈಬರ್‌ಗ್ಲಾಸ್.

ಓಡಿತು. ಆದರೆ ಹೆಡ್‌ಲೈಟ್ ಹಾಕಿದ ತಕ್ಷಣ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು! ಲೈಟೂ ಮಂಕು. ಇಂಡಿಕೇಟರ್ ಹಾಕಿದರೆ ಮುಳ್ಳು ಅದರ ತಾಳಕ್ಕೆ ಕುಣಿಯುತ್ತಿತ್ತು. ನಾನು ಪೆದ್ದನ ಹಾಗೆ ಮೊದಲು ಥರ್ಮೋಸ್ಟಾಟ್ ಬದಲಿಸಿದೆ, ಆಮೇಲೆ ಸೆನ್ಸರ್. ದುಡ್ಡು ದಂಡ.

ಕೊನೆಗೆ ಮಲ್ಟಿಮೀಟರ್ ತಗೊಂಡೆ. ಲೈಟ್ ಉರಿಯುವಾಗ ಅದರ ಅರ್ತ್ ವೈರಿನಿಂದ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬ್ಯಾಟರಿ ನೆಗೆಟಿವ್‌ಗೆ 2.8 ವೋಲ್ಟ್ ತೋರಿಸಿತು. ಸೊನ್ನೆಯ ಹತ್ತಿರ ಇರಬೇಕಿತ್ತು. ಆಗ ಹೊಳೆಯಿತು. ತಗಡಿನ ಕಾರಿನಲ್ಲಿ ಬಾಡಿಯೇ ಅರ್ತ್. ಫೈಬರ್‌ಗ್ಲಾಸಿನಲ್ಲಿ ಕರೆಂಟ್ ಹರಿಯಲ್ಲ, ಅಲ್ವಾ? ಲೈಟು, ಮೀಟರು ಎಲ್ಲದರ ಕರೆಂಟೂ ಒಂದು ಸಣ್ಣ ವೈರಿನಲ್ಲಿ ಒದ್ದಾಡಿಕೊಂಡು ವಾಪಸ್ ಹೋಗುತ್ತಿತ್ತು. ಇಂಜಿನ್ ಬಿಸಿಯಾಗುತ್ತಿರಲಿಲ್ಲ, ಮುಳ್ಳು ಸುಳ್ಳು ಹೇಳುತ್ತಿತ್ತು ಅಷ್ಟೇ.

ಡ್ಯಾಶ್‌ಬೋರ್ಡ್ ಹಿಂದೆ ಒಂದು ಹಿತ್ತಾಳೆ ಪಟ್ಟಿ ಕೂರಿಸಿ, ಮೀಟರ್, ಲೈಟ್ ಎಲ್ಲದರ ಅರ್ತ್ ಅದಕ್ಕೇ ತಂದೆ. ಅಲ್ಲಿಂದ ಚಾಸಿಗೆ (ಕಾರಿನ ಕಬ್ಬಿಣದ ಚೌಕಟ್ಟು) ದಪ್ಪ ವೈರ್. ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್ನಿಗೊಂದು, ಚಾಸಿಗೊಂದು ಕೇಬಲ್. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬರೀ ಕಬ್ಬಿಣ ಕಾಣುವ ಹಾಗೆ ಮಾಡಿದೆ. ಹೊಸ ಪೇಂಟ್ ಕೆರೆಯುವಾಗ ಹೊಟ್ಟೆ ಉರಿಯಿತು ಬಿಡಿ.

ಈಗ 0.1 ವೋಲ್ಟ್. ಮುಳ್ಳು ಅಲ್ಲಾಡುತ್ತಿಲ್ಲ. ಹಳೇ ಥರ್ಮೋಸ್ಟಾಟ್ ಚೆನ್ನಾಗೇ ಇದೆ, ಯಾರಿಗಾದರೂ ಬೇಕಾ?