ಬಿಟ್ಟುಕೊಡಲು ಬರುವಂತೆ ಕೆಲಸ ಮಾಡಿದ್ದು: ಆಡಳಿತ ಸಹಾಯಕ ಹುದ್ದೆಯ ನನ್ನ ಅನುಭವ

ಆಡಳಿತ ಸಹಾಯಕರಾಗಿ ಕೆಲಸಕ್ಕೆ ಸೇರುವವರಿಗೆ ಅನುಭವಿಗಳು ಸಾಮಾನ್ಯವಾಗಿ ಹೇಳುವ ಮಾತು, ನೀವಿಲ್ಲದೆ ಕಚೇರಿ ನಡೆಯದಂತಹ ಸ್ಥಿತಿಗೆ ಬನ್ನಿ ಎಂಬುದು. ನನಗೂ ಅದನ್ನೇ ಹೇಳಿದ್ದರು. ಆದರೆ ನನ್ನನ್ನು ಮುಂದಿನ ಹುದ್ದೆಗೆ ಕರೆದೊಯ್ದದ್ದು ಇದಕ್ಕೆ ತದ್ವಿರುದ್ಧವಾದ ಅಭ್ಯಾಸ: ನಾನು ಮಾಡುವ ಕೆಲಸವನ್ನು ಇನ್ನೊಬ್ಬರೂ ಮಾಡಲು ಬರುವಂತೆ ಬರೆದಿಡುವುದು. ಒಬ್ಬರಿಲ್ಲದಿದ್ದರೆ ಆ ಮೇಜಿನ ಕೆಲಸವೇ ನಿಂತುಹೋಗುತ್ತದೆ ಎಂದಾದರೆ, ಅವರನ್ನು ಅಲ್ಲಿಂದ ಎಬ್ಬಿಸಿ ಬೇರೆ ಹೊಣೆ ಕೊಡುವ ಧೈರ್ಯ ಯಾವ ಮೇಲಧಿಕಾರಿಗೂ ಬರುವುದಿಲ್ಲ.

ಆರಂಭದಲ್ಲಿ ನನ್ನ ಪಾಲಿಗೆ ಬಂದದ್ದು ಎಲ್ಲರಿಗೂ ಬರುವ ಕೆಲಸಗಳೇ: ಟಪಾಲು ದಾಖಲಿಸುವುದು, ಫೋನ್ ಕರೆಗಳಿಗೆ ಉತ್ತರಿಸುವುದು, ಸಭಾಕೊಠಡಿ ಕಾಯ್ದಿರಿಸುವುದು, ಲೇಖನ ಸಾಮಗ್ರಿ ತರಿಸುವುದು, ಮೇಲಧಿಕಾರಿಗಳ ಪ್ರಯಾಣದ ವ್ಯವಸ್ಥೆ ಮಾಡುವುದು. ಇವೆಲ್ಲವೂ ಸರಿಯಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದಾಗ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತವೆ. ಹೀಗಾಗಿ ವಾರ್ಷಿಕ ಮೌಲ್ಯಮಾಪನದ ಹೊತ್ತಿಗೆ ವರ್ಷವಿಡೀ ಏನು ಮಾಡಿದಿರಿ ಎಂಬ ಪ್ರಶ್ನೆಗೆ ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬರೆದಿಡುವ ಅಭ್ಯಾಸವನ್ನು ನಾನು ಮೊದಲು ಹಿಡಿದದ್ದು ಈ ಕಾರಣಕ್ಕೇ ಹೊರತು ಯಾವ ದೊಡ್ಡ ಯೋಜನೆಯಿಂದಲೂ ಅಲ್ಲ.

ಬರೆಯಲು ತೊಡಗಿದಾಗ, ಸುಲಭವೆಂದು ಎಣಿಸಲಾಗುವ ಕೆಲಸದಲ್ಲಿ ಎಷ್ಟು ತಿಳಿವಳಿಕೆ ಅಡಗಿದೆ ಎಂಬುದು ನನಗೇ ಸ್ಪಷ್ಟವಾಯಿತು. ಬೇರೆ ಬೇರೆ ದೇಶಗಳಲ್ಲಿರುವವರಿಗೆ ಒಂದು ಸಭೆ ನಿಗದಿ ಮಾಡುವುದನ್ನೇ ನೋಡಿ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಅದೇ ಬದಲಾವಣೆ ಮಾರ್ಚ್‌ನ ಕೊನೆಯ ಭಾನುವಾರ ಆಗುತ್ತದೆ. ಗಡಿಯಾರ ಹಿಂದಕ್ಕೆ ಬರುವುದು ಯೂರೋಪಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ. ಆದ್ದರಿಂದ ವರ್ಷದಲ್ಲಿ ಎರಡು ಸಲ, ಕೆಲವು ದಿನಗಳ ಮಟ್ಟಿಗೆ, ಈ ಎರಡು ಕಡೆಯವರ ನಡುವಿನ ಸಮಯದ ಅಂತರ ಎಂದಿನಂತೆ ಇರುವುದಿಲ್ಲ. ಪ್ರತಿವಾರ ನಡೆಯುವ ಸಭೆಗಳು ತಪ್ಪುವುದು ಬಹುಮಟ್ಟಿಗೆ ಈ ದಿನಗಳಲ್ಲೇ. ನನ್ನ ಟಿಪ್ಪಣಿಯಲ್ಲಿ ಈ ದಿನಗಳನ್ನು ವರ್ಷದ ಆರಂಭದಲ್ಲೇ ಗುರುತು ಹಾಕುತ್ತಿದ್ದೆ, ಸಭೆಯ ಆಹ್ವಾನದಲ್ಲಿ ಊರಿನ ಹೆಸರಿನೊಡನೆ ಸಮಯ ಬರೆಯುತ್ತಿದ್ದೆ.

ಕಡತಗಳ ಹೆಸರಿನ ವಿಷಯದಲ್ಲೂ ಹೀಗೆಯೇ. ದಿನಾಂಕವನ್ನು 2024-03-15 ಎಂಬಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿನ ಮೊದಲಿಗೇ ಬರೆದರೆ ಕಂಪ್ಯೂಟರ್ ಕಡತಗಳನ್ನು ಕಾಲಾನುಕ್ರಮದಲ್ಲಿ ತಾನಾಗಿಯೇ ಜೋಡಿಸುತ್ತದೆ, ಯಾವುದು ತಿಂಗಳು, ಯಾವುದು ದಿನ ಎಂಬ ಗೊಂದಲಕ್ಕೂ ಎಡೆಯಿರುವುದಿಲ್ಲ. 1988ರಲ್ಲಿ ಮೊದಲು ಪ್ರಕಟವಾದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮವೇ ಇದು. ಕಡತದ ಹೆಸರಿನಲ್ಲಿ ‘ಅಂತಿಮ’ ಎಂಬ ಪದವನ್ನು ಮಾತ್ರ ಯಾರೂ ಬಳಸಬಾರದೆಂದು ನಾನು ಹಟ ಹಿಡಿದಿದ್ದೆ, ಏಕೆಂದರೆ ಅದರ ನಂತರವೂ ಇನ್ನೊಂದು ಪ್ರತಿ ಬಂದೇ ಬರುತ್ತದೆ.

ಸಭೆಯ ನಡಾವಳಿಯನ್ನು ಯಾರು ಏನೆಂದರು ಎಂಬ ವರದಿಯಂತೆ ಬರೆಯುವುದು ರೂಢಿಯಾಗಿತ್ತು. ನಾನು ಅದನ್ನು ಮೂರು ಅಂಶಗಳಿಗೆ ಇಳಿಸಿದೆ: ಆದ ನಿರ್ಧಾರ, ಅದರ ಹೊಣೆ ಹೊತ್ತವರು, ಮುಗಿಸಬೇಕಾದ ದಿನ. ಕರಡನ್ನು ಅದೇ ದಿನ ಕಳುಹಿಸುತ್ತಿದ್ದೆ, ತಡವಾದಷ್ಟೂ ಪ್ರತಿಯೊಬ್ಬರ ನೆನಪೂ ಒಂದೊಂದು ದಾರಿ ಹಿಡಿಯುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯ ಮೊದಲ ವಿಷಯ ಹಿಂದಿನ ಸಭೆಯಲ್ಲಿ ಬಾಕಿ ಉಳಿದ ಕೆಲಸಗಳೇ ಆಗಿರುತ್ತಿದ್ದವು. ಈ ಪಟ್ಟಿ ನನ್ನ ಬಳಿ ಇದ್ದದ್ದರಿಂದ ಹಿರಿಯ ಅಧಿಕಾರಿಗಳೂ ಸಭೆಗೆ ಮುನ್ನ ನನ್ನನ್ನು ವಿಚಾರಿಸತೊಡಗಿದರು. ಸಹಾಯಕರಿಗೆ ಅಧಿಕಾರವಿಲ್ಲ ಎನ್ನುವವರು ಬಾಕಿ ಪಟ್ಟಿಯನ್ನು ಇಟ್ಟುಕೊಂಡು ನೋಡಿದವರಲ್ಲ ಎಂಬುದು ನನ್ನ ಅಭಿಪ್ರಾಯ.

ನಿಜವಾದ ತಿರುವು ಬಂದದ್ದು ಒಪ್ಪಂದಗಳ ದಾಖಲೆಯಿಂದ. ಮುದ್ರಣಯಂತ್ರದ ನಿರ್ವಹಣೆ, ಸ್ವಚ್ಛತೆ, ಇಂಟರ್ನೆಟ್, ತಂತ್ರಾಂಶಗಳ ಪರವಾನಗಿ, ಹೀಗೆ ಕಚೇರಿ ಹಲವರೊಡನೆ ಒಪ್ಪಂದ ಮಾಡಿಕೊಂಡಿರುತ್ತದೆ, ಪ್ರತಿಯೊಂದು ಪತ್ರವೂ ಒಂದೊಂದು ವಿಭಾಗದಲ್ಲಿರುತ್ತದೆ. ಇವುಗಳಲ್ಲಿ ಅನೇಕವು, ನಿಗದಿತ ದಿನಗಳ ಮುಂಚೆ ಲಿಖಿತ ಸೂಚನೆ ಕೊಡದಿದ್ದರೆ ತಾವಾಗಿಯೇ ಇನ್ನೊಂದು ಅವಧಿಗೆ ನವೀಕರಣಗೊಳ್ಳುತ್ತವೆ. ಬಹುತೇಕರು ಒಪ್ಪಂದ ಮುಗಿಯುವ ದಿನವನ್ನು ಬರೆದಿಟ್ಟುಕೊಳ್ಳುತ್ತಾರೆ. ಕೆಲಸಕ್ಕೆ ಬರುವುದು ಸೂಚನೆ ಕೊಡಬಹುದಾದ ಕೊನೆಯ ದಿನ, ಮತ್ತು ಅದಕ್ಕೂ ಮುಂಚೆ ಬೇರೆಯವರಿಂದ ದರಪಟ್ಟಿ ತರಿಸಲು ಬೇಕಾಗುವ ಕಾಲಾವಕಾಶ. ಯಾರೂ ಕೇಳದಿದ್ದರೂ ಎಲ್ಲ ಪತ್ರಗಳನ್ನು ಓದಿ, ಈ ದಿನಾಂಕಗಳನ್ನೂ ಮೊತ್ತವನ್ನೂ ಹೊಣೆಗಾರರ ಹೆಸರನ್ನೂ ಒಂದೇ ಸ್ಪ್ರೆಡ್‌ಶೀಟ್‌ಗೆ ತಂದೆ. ಬಳಕೆಯಲ್ಲೇ ಇಲ್ಲದ ಸೇವೆಗಳಿಗೂ ಹಣ ಹೋಗುತ್ತಿದ್ದುದು ಅಲ್ಲಿ ಕಂಡಿತು. ಲೆಕ್ಕಪತ್ರ ವಿಭಾಗದವರು ನನ್ನನ್ನು ಚರ್ಚೆಗೆ ಕರೆದದ್ದು ಆಮೇಲೆ. ಖರೀದಿ ಆದೇಶ, ಸರಕು ಬಂದ ರಸೀದಿ, ಬಿಲ್ ಈ ಮೂರನ್ನೂ ತಾಳೆ ನೋಡಿದ ಬಳಿಕವೇ ಪಾವತಿಗೆ ಕಳುಹಿಸುವ ಕ್ರಮವನ್ನು ನಾನು ಅವರಿಂದಲೇ ಕಲಿತೆ.

ಪೆಟಿ ಕ್ಯಾಶ್, ಅಂದರೆ ಸಣ್ಣಪುಟ್ಟ ಖರ್ಚಿಗೆಂದು ಕಚೇರಿಯಲ್ಲಿಡುವ ನಗದಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮೊತ್ತವನ್ನು ಸ್ಥಿರವಾಗಿಟ್ಟು, ಕೈಯಲ್ಲಿರುವ ನಗದು ಮತ್ತು ವೋಚರ್‌ಗಳ ಮೊತ್ತ ಕೂಡಿದರೆ ಯಾವಾಗಲೂ ಅದೇ ಸಂಖ್ಯೆ ಬರುವಂತೆ ನೋಡಿಕೊಂಡರೆ ಸಾಕು.

ಎಲ್ಲವನ್ನೂ ಬರೆದಿಡಬೇಕೆಂದಲ್ಲ. ಈ ಮೇಜಿನಲ್ಲಿ ಕೂತವರಿಗೆ ಸಂಬಳ, ವರ್ಗಾವಣೆ, ರಾಜೀನಾಮೆಗಳ ಸುದ್ದಿ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅಂತಹವುಗಳನ್ನು ಹಂಚಿಕೆಯ ಫೋಲ್ಡರ್‌ನಲ್ಲಿ ಇಡದೆ, ನೋಡುವ ಅನುಮತಿ ಯಾರಿಗಿರಬೇಕೆಂಬುದನ್ನು ಮೇಲಧಿಕಾರಿಗಳಿಂದಲೇ ಲಿಖಿತವಾಗಿ ಪಡೆಯುತ್ತಿದ್ದೆ. ಸಹೋದ್ಯೋಗಿಗಳು ಸಲುಗೆಯಿಂದ ಕೇಳಿದಾಗ, ಅದು ನಾನು ಹೇಳುವ ವಿಷಯವಲ್ಲ ಎಂದಷ್ಟೇ ಹೇಳುತ್ತಿದ್ದೆ. ತಿಳಿದಿಲ್ಲವೆಂದು ಸುಳ್ಳು ಹೇಳುವುದಕ್ಕಿಂತ ಇದು ಒಳ್ಳೆಯದು, ಮುಂದೆ ಸುದ್ದಿ ಹೊರಬಿದ್ದಾಗ ನಮ್ಮ ಮಾತಿನ ಮೇಲಿನ ನಂಬಿಕೆ ಹೋಗುವುದಿಲ್ಲ.

ಬಡ್ತಿ ಕೇಳಿದಾಗ ನಾನು ಎಷ್ಟು ವರ್ಷ ದುಡಿದೆ ಎಂಬುದನ್ನು ಮುಂದಿಡಲಿಲ್ಲ. ಒಪ್ಪಂದಗಳ ದಾಖಲೆ, ನಡಾವಳಿಯ ಪದ್ಧತಿ, ಪ್ರತಿ ಕೆಲಸಕ್ಕೂ ಬರೆದ ವಿಧಾನದ ಟಿಪ್ಪಣಿ ಇವುಗಳನ್ನು ತೋರಿಸಿ, ಈಗಿನ ಕೆಲಸವನ್ನು ಹೊಸಬರಿಗೆ ಹೇಗೆ ವಹಿಸಬಹುದು, ನಾನು ಕಚೇರಿ ವ್ಯವಸ್ಥಾಪಕರ ಹುದ್ದೆಯಲ್ಲಿ ಯಾವ ಹೊಣೆ ಹೊರಬಲ್ಲೆ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಟ್ಟೆ. ತಕ್ಷಣ ಒಪ್ಪಿಗೆ ಸಿಗಲಿಲ್ಲ, ಆದರೆ ನಿಮ್ಮ ಜಾಗಕ್ಕೆ ಯಾರು ಎಂಬ ಪ್ರಶ್ನೆ ಏಳಲಿಲ್ಲ. ನನ್ನೊಂದಿಗೆ ಇದೇ ಹುದ್ದೆಯಲ್ಲಿದ್ದ ಇನ್ನಿಬ್ಬರು ಖರೀದಿ ಮತ್ತು ಮಾನವ ಸಂಪನ್ಮೂಲ ವಿಭಾಗಗಳಿಗೆ ಹೋದರು. ಈ ಮೇಜಿನಿಂದ ಕಚೇರಿಯ ಎಲ್ಲ ವಿಭಾಗಗಳೂ ಕಾಣುತ್ತವಾದ್ದರಿಂದ ದಾರಿಗಳು ಒಂದಕ್ಕಿಂತ ಹೆಚ್ಚೇ ಇವೆ.

ನನ್ನ ಜಾಗಕ್ಕೆ ಬಂದವರಿಗೆ ಮೊದಲ ವಾರ ನಾನು ಬಾಯಲ್ಲಿ ಏನನ್ನೂ ಹೇಳಿಕೊಡದೆ, ಟಿಪ್ಪಣಿಗಳನ್ನು ನೋಡಿಯೇ ಕೆಲಸ ಮಾಡುವಂತೆ ಕೇಳಿಕೊಂಡೆ. ಅವರು ನನ್ನನ್ನು ಕೇಳಬೇಕಾಗಿ ಬಂದ ಪ್ರತಿಯೊಂದು ಪ್ರಶ್ನೆಯೂ ಟಿಪ್ಪಣಿಯಲ್ಲಿ ಬಿಟ್ಟುಹೋದ ಒಂದು ಹೆಜ್ಜೆಯನ್ನು ತೋರಿಸುತ್ತಿತ್ತು, ಅದನ್ನು ಅವರಿಂದಲೇ ಬರೆಸಿದೆ. ಪ್ರತಿ ಟಿಪ್ಪಣಿಯ ತಲೆಯಲ್ಲಿ ಕೊನೆಯ ಸಲ ಪರಿಶೀಲಿಸಿದ ದಿನಾಂಕವನ್ನು ಹಾಕುವ ಕ್ರಮ ಅವರು ತಂದದ್ದು.